ಮೂರನೆಯ ಕೀಲಿಕೈ

ನೇರಳೆ ಬೆರಳುಗಳು, ನಾಲ್ಕು, ಒಳಗಿನಿಂದ ಬಂದು ಗೇಟಿನ ಸರಳನ್ನು ಹಿಡಿದುಕೊಂಡಿವೆ, ಠಸ್ಸೆಯ ಮಸಿ, ತೊಳೆದರೆ ಹೋಗುವಂಥದ್ದಲ್ಲ, ಗೇಟಿನ ಹೊರಗೆ ಧರಣಿ ಕೂತ ಬೀಗದವನಿಗೆ ಆ ಬೆರಳು ಗೊತ್ತು — ಆಸ್ಪತ್ರೆ ಮುಚ್ಚಬೇಡಿ ಎಂದು ಕೊಟ್ಟ ಹದಿನಾಲ್ಕು ಅರ್ಜಿಗೂ ಸ್ವೀಕರಿಸಲಾಗಿದೆ ಎಂದು ಒತ್ತಿದ್ದು ಅವೇ, ಈ ಆರೋಗ್ಯಾಧಿಕಾರಿ ಕಚೇರಿಯ ಜವಾನನವು, ಎಂಟು ದಿನದಿಂದ ಧರಣಿ ಕೂತವರಿಗೆ ಸಾಹೇಬರ ಕಣ್ಣು ತಪ್ಪಿಸಿ ನೀರು ತಂದುಕೊಟ್ಟಿದ್ದೂ ಅವೇ. ಈಗ ಆತ ಒಳಗೆ ನೆಲಕ್ಕೆ ಕುಸಿದು ಕೂತು, ಎದೆ ಹಿಡ್ಕೊಂಡಂಗಾಗ್ತಿದೆ ತಮ್ಮಾ, ಗೇಟು ತೆಗಿ, ಎನ್ನುತ್ತಿದ್ದಾನೆ, ಮತ್ತು ಸಾಹೇಬರು? ಬೆಳಿಗ್ಗೆಯೇ ಹಿಂಬಾಗಿಲಿನಿಂದ ಕಾರು ಹತ್ತಿ ಹೋದರಂತೆ, ಅದು ತಿಳಿಯದೆ ಆ ಬಾಗಿಲಿಗೂ ಸರಪಳಿ ಬಿಗಿದದ್ದು, ಹುಲಿ ಹೋದ ಮೇಲೆ ಬೋನು ಮುಚ್ಚಿದ ಶೂರರು, ಸಿಕ್ಕಿಬಿದ್ದವನು ನೀರು ಕೊಟ್ಟವನು.

ಪಕ್ಕದಲ್ಲಿ ಅಕ್ಕ, ಅದೇ ಆಸ್ಪತ್ರೆಯ ನರ್ಸು, ಧರಣಿಯ ಮುಂದಾಳು, ಇಬ್ಬರ ಸೊಂಟಕ್ಕೂ ಒಂದೇ ಸರಪಳಿ, ಗೇಟಿಗೆ ಸುತ್ತಿದ್ದು, ನಾಟಕ ಕಣೋ, ಸಾಹೇಬ್ರು ಫೋನಲ್ಲಿ ಹೇಳ್ಕೊಟ್ಟಿರ್ತಾರೆ, ಎನ್ನುತ್ತಾಳೆ, ಆದರೆ ತಿರುಗಿ ನೋಡುವುದಿಲ್ಲ, ಕೆಮ್ಮು ಕೇಳಿಯೇ ರೋಗ ಹೇಳುವವಳು ನೋಡುತ್ತಿಲ್ಲವೆಂದರೆ ಅವಳಿಗೆ ಗೊತ್ತು, ಗೊತ್ತೇ ಇದೆ. ಈಗ ಎದ್ರೆ ಆಸ್ಪತ್ರೆ ಹೋಯ್ತು, ಒಂದು ಜೀವ ನೋಡ್ತೀಯೋ ಸಾವಿರ ಜೀವ ನೋಡ್ತೀಯೋ, ಎನ್ನುತ್ತಾಳೆ — ಸಾವಿರದ ಮುಖ ಯಾರು ಕಂಡರು, ಈ ಒಂದಕ್ಕೆ ನೇರಳೆ ಬೆರಳಿವೆ. ಯಾರ ಮೇಲೂ ಕೈ ಎತ್ತಿಲ್ಲ ಎಂದು ಮೈಕಿನಲ್ಲಿ ಹೇಳಿದೆವು, ನಿಜ, ಎತ್ತಿಲ್ಲ, ಬೀಗ ಹಾಕಿದೆವು ಅಷ್ಟೆ, ಜೋಡಿ ಕೀಲಿಕೈ ಜನರೆದುರು ಚರಂಡಿಗೆ ಎಸೆದಾಗ ಎಷ್ಟು ಚಪ್ಪಾಳೆ, ಪೊಲೀಸರು ಸರಪಳಿ ಕತ್ತರಿಸುವ ಯಂತ್ರ ತರಲು ಹೋಗಿ ಅರ್ಧ ಗಂಟೆ, ಇನ್ನೂ ಪತ್ತೆ ಇಲ್ಲ. ಆದರೆ ಮೂರನೆಯದು ಅವನ ಕಾಲುಚೀಲದೊಳಗೆ ಹಿಮ್ಮಡಿಗೆ ಒತ್ತುತ್ತಿದೆ, ಕಸುಬು ಕಲಿಸಿದ ಸೋದರಮಾವ ಹೇಳಿದ್ದ, ಬೀಗ ಮಾಡಿದವನ ಹತ್ರ ಒಂದು ಉಳೀಬೇಕು ಕಣೋ, ಯಾರು ಯಾವಾಗ ಒಳಗೆ ಸಿಕ್ಕೊಳ್ತಾರೋ — ಅಕ್ಕನಿಗೆ ಹೇಳಿಲ್ಲ, ಹೇಳಿದ್ದರೆ ಅದೂ ಚರಂಡಿಗೆ. ಮತ್ತೆ ಬೀಗದ ಬಾಯಿ ಒಳಮುಖ, ಪೊಲೀಸರಿಗೆ ಎಟುಕದಿರಲಿ ಎಂದು ತಾನೇ ತಿರುಗಿಸಿದ್ದು, ಅತಿ ಜಾಣ, ಈಗ ಸರಪಳಿಗೆ ಬಿಗಿದುಕೊಂಡು ಕೂತ ತನಗೂ ಎಟುಕದು, ಒಳಗಿನವನೇ ತೆಗೆಯಬೇಕು, ಆ ಕೈಗೇ ಕೊಡಬೇಕು, ಅಕ್ಕನ ಕಣ್ಣೆದುರು, ಮನೆಮುರುಕ ಅನ್ನಿಸಿಕೊಂಡು. ಭಯವಾಗುತ್ತಿದೆ ಅವನಿಗೆ, ಪೊಲೀಸರದ್ದಲ್ಲ, ಅವಳದ್ದು.

ಬಾಗಿದರೆ ಸರಪಳಿ ಅವಳ ಸೊಂಟವನ್ನೂ ಎಳೆಯುತ್ತದೆ, ಏನೋ ಅದು, ಏನಿಲ್ಲ ಕಣೆ, ಕಾಲು ಜೋಮು — ಒಳಗಿನಿಂದ ತಮ್ಮಾ ಎನ್ನುವುದು ಯಾವಾಗ ನಿಂತಿತು, ಈಗಲೋ, ಆಗಲೇ ನಿಂತಿತ್ತೋ, ಸರಳಿನ ಮೇಲೆ ಬೆರಳು ನಾಲ್ಕಿದ್ದವು, ಈಗ ಮೂರು, ಕೀಲಿಕೈ ಅಂಗೈಯಲ್ಲಿ ಬೆಚ್ಚಗೆ, ಅಕ್ಕ ನೋಡಿಬಿಟ್ಟಳು, ಮಣಿಕಟ್ಟು ಹಿಡಿದಳು, ನಾಡಿ ಹಿಡಿಯುವ ಅದೇ ಹಿಡಿತ, ಅವನು ಕೈ ಕಿತ್ತುಕೊಂಡು ಸರಳಿನ ನಡುವೆ ಚಾಚಿದ, ಹಿಡ್ಕೊ ಅಣ್ಣಾ, ಹಿಡ್ಕೊಳ್ಳಣ್ಣಾ, ಕೀಲಿಕೈ ಆ ಬೆರಳಿಗೆ ತಾಗಿತು, ತಾಗಿಸಿದ, ಮತ್ತೆ ತಾಗಿಸಿದ, ನೇರಳೆ ಬೆರಳು, ಎರಡು, ಹಿಡಿಯುತ್ತಿಲ್ಲ, ನೇರಳೆ ಬೆರಳು.