ಸುಟ್ಟೆಣ್ಣೆ ಸೋಸಿದ ಬಟ್ಟೆ

"ಬೋಗುಣಿ ಇನ್ನೊಂಚೂರು ಈ ಕಡೆ ಎಳ್ಕೊಳ್ರಿ ಕುಮಾರಿ, ಎಣ್ಣಿ ಬಿಸಿ ಐತಿ, ದೂರ ಚಿಮ್ಮತೈತಿ," ಎಂದು ಅತ್ತಿಗೆ ಮಹಾನಂದ ಹೇಳಿದರೂ ಶಿವಕುಮಾರಿ ಬೋಗುಣಿಯನ್ನು ಕದಲಿಸಲಿಲ್ಲ. ಮೋಟಾರಿನ ಕೆಳಗೆ ಅಂಗಾತ ಮಲಗಿದ್ದ ಶಂಭುಲಿಂಗಪ್ಪನವರು ಹಳೆಯ ಎಣ್ಣೆ ಇಳಿಸುವ ತಳದ ತಿರುಪನ್ನು ಕೊನೆಯ ಸುತ್ತು ಬಿಚ್ಚಿದರು. ಕಪ್ಪು ಎಣ್ಣೆ ಬಾಗಿ ಹಾರಿ, ಬೋಗುಣಿಯನ್ನು ದಾಟಿ, ಶಿವಕುಮಾರಿಯ ಸೀರೆಯ ಅಂಚಿಗೇ ಬಿತ್ತು. ಅಷ್ಟರಲ್ಲಿ ಹಸಿರು ಬಳೆ ತುಂಬಿದ ಅತ್ತಿಗೆಯ ಕೈ ಅವಳ ಭುಜದ ಪಕ್ಕದಿಂದ ಬಂದು ಬೋಗುಣಿಯನ್ನು ಎಳೆದಾಗಿತ್ತು.

"ಯಾರದು ಹೇಳಿದ್ದು, ಮಹಾನಂದಾನಾ?" ಶಂಭುಲಿಂಗಪ್ಪನವರು ಕೆಳಗಿನಿಂದಲೇ ನಕ್ಕರು. "ನೋಡಿದ್ಯೇನೇ ಕುಮಾರಿ! ಹೈಸ್ಕೂಲಿಂದ ಹಿಡೀತಾ ಇದೀಯ ಬೋಗುಣಿ. ನಿಂಗೆ ಹೊಳೀಲಿಲ್ವಲ್ಲೇ ಇದು."

ಶಿವಕುಮಾರಿ ಸೀರೆಯ ಅಂಚನ್ನು ಹಿಂಡಿಕೊಂಡಳು. ಅಪ್ಪ ಹಾಗೆ ಗಂಟಲು ಬಿಟ್ಟು ನಗುವುದನ್ನು ಅವಳು ಅಂಗಡಿಯಲ್ಲಿ, ಗಿರಾಕಿಗಳ ಮುಂದೆ ಮಾತ್ರ ಕೇಳಿದ್ದಳು.

ಚಾಮರಾಜಪೇಟೆಯ ಆ ರಸ್ತೆಯಲ್ಲಿ ಸ್ವಂತ ಮೋಟಾರು ಇದ್ದದ್ದು ಎರಡು ಮೂರು ಮನೆಗಳಲ್ಲಿ. ಉಳಿದವರು ವರ್ಕ್‌ಶಾಪಿಗೆ ಕಳಿಸುತ್ತಿದ್ದರು. ಚಿಕ್ಕಪೇಟೆಯ ಜವಳಿ ವ್ಯಾಪಾರಿ ಶಂಭುಲಿಂಗಪ್ಪನವರಿಗೆ ಮಾತ್ರ ತಮ್ಮ ಹಳೆಯ ಆಸ್ಟಿನ್ನಿನ ಎಣ್ಣೆಯನ್ನು ಬೇರೆಯವರು ಬದಲಾಯಿಸಿದರೆ ಸಮಾಧಾನವಿಲ್ಲ. ಎಣ್ಣೆ ಬದಲಾಯಿಸುವ ಭಾನುವಾರ ಬಂದರೆ ಕೋಟೆಯವರೆಗೆ ಒಂದು ಸುತ್ತು ಓಡಿಸಿ ಎಂಜಿನ್ನು ಬೆಚ್ಚಗೆ ಮಾಡಿಕೊಂಡು ಬಂದು, ಹಳೆಯ ಗೋಣಿತಟ್ಟು ಹಾಸಿ, "ಕುಮಾರೀ" ಎಂದು ಕೂಗುತ್ತಿದ್ದರು. ಯುದ್ಧದ ಕಾಲದಲ್ಲಿ ಎಣ್ಣೆ ಸಿಗದೆ ಒದ್ದಾಡಿದ್ದವರು. ಎಂಜಿನ್ನಿನಿಂದ ಇಳಿಸಿದ ಸುಟ್ಟೆಣ್ಣೆಯ ಒಂದು ತೊಟ್ಟನ್ನೂ ಮೋರಿಗೆ ಬಿಡುತ್ತಿರಲಿಲ್ಲ. ಅದು ಸೀಮೆಎಣ್ಣೆ ಡಬ್ಬಕ್ಕೆ ಹೋಗಿ, ಗಾಡಿಯವರ ಅಚ್ಚಿಗೂ ಬೇಲಿಯ ಗೂಟಗಳ ಗೆದ್ದಲಿಗೂ ಆಗುತ್ತಿತ್ತು. ಬೋಗುಣಿ ಹಿಡಿಯುವುದು, ಡಬ್ಬಕ್ಕೆ ಸುರಿಯುವುದು, ಕೇಳಿ ಬಂದವರಿಗೆ ಹಂಚುವುದು ಶಿವಕುಮಾರಿಯ ಕೆಲಸ.

ಬಿ.ಎ. ಮುಗಿಸಿ ಮನೆಯಲ್ಲಿ ಕುಳಿತಿದ್ದಳು. ವರಗಳು ಬಂದು ನೋಡಿ ಹೋಗುತ್ತಿದ್ದರು; ಅವಳು ತಲೆ ಎತ್ತದೆ ಉಪ್ಪಿಟ್ಟಿನ ತಟ್ಟೆ ಇಟ್ಟು ಬರುತ್ತಿದ್ದಳು. ಅಪ್ಪ ಅವಳೊಬ್ಬಳ ಜೊತೆ ಮಾತಾಡುತ್ತಿದ್ದದ್ದು ಮೋಟಾರಿನ ಕೆಳಗೆ ಮಲಗಿದ್ದಾಗ ಮಾತ್ರ. ಮುಖ ಕಾಣದ್ದರಿಂದಲೋ ಏನೋ ಅವಳಿಗೂ ಆಗ ಮಾತು ಬರುತ್ತಿತ್ತು. ಆ ಒಂದು ಗಂಟೆ ಅವಳದು ಎಂದು ಯಾರೂ ಹೇಳಿರಲಿಲ್ಲ. ಮಹಾನಂದ ಬಂದು ಅಲ್ಲಿ ಕುಕ್ಕರಗಾಲಿನಲ್ಲಿ ಕೂರುವವರೆಗೆ ಹೇಳಬೇಕಾಗಿಯೂ ಇರಲಿಲ್ಲ.

ಮಹಾನಂದ ದಾವಣಗೆರೆಯವಳು. ತಂದೆಗೆ ಹತ್ತಿ ಹಿಂಜುವ ಮಿಲ್ಲು. ಎಂಜಿನ್ನಿನ ಸದ್ದಿನಲ್ಲೇ ಬೆಳೆದವಳು. ಗಂಡ ನಂಜಪ್ಪ ಅಂಗಡಿಗೆ ಸರಕು ತರಲು ಊರೂರು ಸುತ್ತುತ್ತಿದ್ದ. ಮೋಟಾರಿನಲ್ಲಿ ಕೂರುವುದೊಂದು ಬಿಟ್ಟು ಅವನಿಗೆ ಅದರಲ್ಲಿ ಬೇರೆ ಆಸಕ್ತಿಯಿರಲಿಲ್ಲ. ಹಾಗಾಗಿ ಮಾವನಿಗೂ ಸೊಸೆಗೂ ಮಾತು ಬೆಳೆಯಿತು.

"ಮಾವಾರ, ಹಿಂಗ ಬೋಗುಣಿಂದ ಸೀದಾ ಡಬ್ಬಕ್ಕ ಸುರೀಬ್ಯಾಡ್ರಿ," ಎಂದಳು ಅವಳು, ಸೀರೆಗೆ ಎಣ್ಣೆ ಬಿದ್ದ ಆ ದಿನವೇ. "ಬಚ್ಚಲ ಒಲಿ ಗ್ವಾಡಿ ಹತ್ರ ಬೆಚ್ಚಗ ಇಟ್ಟು ಒಂದು ವಾರ ಅಲ್ಲಾಡಸ್ದಂಗ ಬಿಟ್ರ ಮಡ್ಡಿ ಎಲ್ಲಾ ತಳಕ್ಕ ಕೂಡ್ತೈತಿ. ಮ್ಯಾಲಿಂದು ಬಗ್ಗಿಸಿ ಬಟ್ಟಿಯಾಗ ಸೋಸಿದ್ರ ಜೇನಿನಂಗ ಬರ್ತೈತ್ರಿ."

"ಮಡ್ಡಿ?"

"ಮಡ್ಡಿ ಗೂಟಕ್ಕ ಬಳೀರಿ. ಗೆದ್ದಲ ಹತ್ರಾನೂ ಬರಂಗಿಲ್ಲ."

ಶಂಭುಲಿಂಗಪ್ಪನವರು ಎದ್ದು ಕುಳಿತು ಸೊಸೆಯನ್ನು ನೋಡಿದರು. "ಅದ್ಸರಿ ಕಣಮ್ಮಾ! ಇಷ್ಟು ದಿನ ಒಬ್ರೂ ಹೇಳಿರ್ಲಿಲ್ಲ ನೋಡು."

ಒಬ್ಬರೂ ಎಂದರೆ ಅಲ್ಲಿದ್ದದ್ದು ತಾನೊಬ್ಬಳೇ ಅಲ್ಲವೇ, ಎಂದುಕೊಂಡಳು ಶಿವಕುಮಾರಿ.

ಮಾವಳ್ಳಿಯ ದೊಡ್ಡಬೈರಪ್ಪ ಕಲಾಸಿಪಾಳ್ಯದ ಮಂಡಿಗೆ ತರಕಾರಿ ಇಳಿಸಿ, ಖಾಲಿ ಗಾಡಿ ಹೊಡೆದುಕೊಂಡು ಹೋಗುವಾಗ ಎಣ್ಣೆಗೆ ಬರುತ್ತಿದ್ದ. ಮುಂದಿನ ಸಲ ಬಂದಾಗ ಸೋಸಿದ ಎಣ್ಣೆಯನ್ನು ಬೆರಳಲ್ಲಿ ಉಜ್ಜಿ ನೋಡಿ ಕಣ್ಣರಳಿಸಿದ.

"ಏನವ್ವಾ ಇದು! ಚಕ್ರ ಗುಯ್ಯೋ ಅನ್ನೋದೇ ನಿಂತೋಗ್ತದೆ. ಇಷ್ಟು ವರ್ಸ ನನ್ ಗಾಡೀಗೆ ಮಣ್ಣೇ ಕುಡಿಸಿದ್ರಲ್ಲಾ ನೀವು!"

"ನಾನು ಮಾಡಿದ್ದಲ್ಲ. ಅತ್ತಿಗೆ ಮಾಡಿದ್ದು."

"ಅಂಗಾ? ಸೊಸೆವ್ವ ಬಲು ಸೂಟಿ ಬುಡು. ನಿಮ್ಗೂ ಒಸಿ ಕಲಿಸ್ಕೊಡು ಅನ್ನಿ, ನಾಳೆ ಗಂಡನ ಮನೇಲಿ ಬೇಕಾಯ್ತದೆ," ಎಂದು ತಮಾಷೆ ಮಾಡಿ, ಎತ್ತಿನ ಬೆನ್ನು ತಟ್ಟಿಕೊಂಡು ಹೋದ.

ಅಡಿಗೆಮನೆಯಲ್ಲಿ ಮಹಾನಂದ ರೊಟ್ಟಿ ತಟ್ಟುತ್ತಿದ್ದಳು. ಒಂದೇ ಹದದ ಸದ್ದು. ಅದನ್ನೂ ಅಪ್ಪ ಹೊಗಳಿದ್ದರು. ಶಿವಕುಮಾರಿ ಹಿತ್ತಲಿಗೆ ಹೋಗಿ, ಒಗೆಯುವ ಕಲ್ಲಿನ ಮೇಲೆ ಬಹಳ ಹೊತ್ತು ಕುಳಿತಳು. ಅತ್ತಿಗೆ ಕೆಟ್ಟವಳಾಗಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು. ಒಂದು ಕೊಂಕು ಆಡಿದ್ದರೆ, ಒಂದು ಸಲ ಮುಖ ತಿರುಗಿಸಿದ್ದರೆ ಸಾಕಿತ್ತು.

ಎರಡನೆಯ ಸಲದ ಎಣ್ಣೆ ತಿಳಿಯಾಗಿ ನಿಂತ ದಿನ ಮಹಾನಂದ ಬಚ್ಚಲಿನಿಂದ ಡಬ್ಬವನ್ನು ಎದೆಗವಚಿಕೊಂಡು, ಅಲುಗದಂತೆ ಹೆಜ್ಜೆ ಇಡುತ್ತ ಹಿತ್ತಲಿಗೆ ತಂದಳು. ಹಿಂದಿನ ಸಲ ಸೋಸಿದ್ದ ಚಿಂದಿ ಎಣ್ಣೆ ಕುಡಿದು ಹರಿದುಹೋಗಿತ್ತು. ಪತ್ರೆ ಮರದ ಪಕ್ಕದ ತಂತಿಯ ಮೇಲೆ ಬಿಳಿಯ ಬಟ್ಟೆಯೊಂದು ಒಣಗುತ್ತಿತ್ತು.

"ಕುಮಾರಿ, ಇದು ತಗೋಬೌದೇನ್ರಿ?"

ಅದು ಲಿಂಗಪೂಜೆಯ ನೀರು ಸೋಸುವ ಬಟ್ಟೆ. ತಾಯಿ ಗಿರಿಜಾಂಬಾ ಪ್ರತಿದಿನ ಬೆಳಗ್ಗೆ ಬಾವಿಯ ನೀರನ್ನು ನಾಲ್ಕು ಮಡಿಕೆ ಮಾಡಿದ ಆ ಬಟ್ಟೆಯಲ್ಲಿ ಸೋಸಿ, ತಾವೇ ಒಗೆದು, ಬೇರೆ ಬಟ್ಟೆ ತಗಲದಂತೆ ಆ ತಂತಿಗೇ ಹರವುತ್ತಿದ್ದರು. ಪೂಜೆಯ ಕೆಲಸವನ್ನು ಅವರಿನ್ನೂ ಸೊಸೆಗೆ ಬಿಟ್ಟುಕೊಟ್ಟಿರಲಿಲ್ಲ. ಮಹಾನಂದಳಿಗೆ ಅದು ತಿಳಿಯುವಂತಿರಲಿಲ್ಲ. ಶಿವಕುಮಾರಿಗೆ ಬುದ್ಧಿ ಬಂದಾಗಿನಿಂದ ಗೊತ್ತಿತ್ತು.

"ತಗೊಳ್ಳಿ," ಎಂದಳು. ಸ್ವರ ಸಹಜವಾಗಿಯೇ ಬಂತು. "ಅಣ್ಣನ ಹಳೇ ಪಂಚೆ ತುಂಡು."

ಬಟ್ಟೆಯ ನಡುವೆ ಮೊದಲು ಒಂದು ಕಂದು ಚುಕ್ಕೆ ಮೂಡಿತು. ಅದು ಅಗಲವಾಗುತ್ತ ನಾಲ್ಕೂ ಮೂಲೆಗೆ ಹರಡಿತು. ಈಗಲೂ ಹೇಳಬಹುದು ಎಂದುಕೊಂಡಳು ಶಿವಕುಮಾರಿ. ಆಮೇಲೆ, ಈಗ ಹೇಳಿ ಏನು ಪ್ರಯೋಜನ ಎಂದುಕೊಂಡಳು. ಮಹಾನಂದ ತಲೆ ಬಗ್ಗಿಸಿ, ನಾಲಿಗೆಯ ತುದಿ ಕಚ್ಚಿಕೊಂಡು, ಮಡ್ಡಿ ಬರದಂತೆ ಡಬ್ಬವನ್ನು ಬಗ್ಗಿಸುತ್ತಿದ್ದಳು.

ಸಂಜೆ ಬಟ್ಟೆ ತೆಗೆಯಲು ಬಂದ ಗಿರಿಜಾಂಬಾ ಕಿರುಚಿದ್ದು ಪಕ್ಕದ ಮನೆಯ ಅಂಬುಜಮ್ಮನವರಿಗೂ ಕೇಳಿಸಿ, ಅವರು ಗೋಡೆಯ ಮೇಲಿಂದ ಇಣುಕಿದರು.

"ಶಿವನ ನೀರು ಸೋಸೋ ಬಟ್ಟೇಲಿ ಮೋಟಾರಿನ ಹೊಲಸು ಸೋಸಿದೀಯಲ್ಲೇ! ನಿಮ್ಮನೇಲಿ ಇದೇನಾ ಕಲಿಸಿದ್ದು? ಎಂಜಿನ್ನಿಗೇ ವಿಭೂತಿ ಹಚ್ತಾರಾ ನಿಮ್ಮೂರಲ್ಲಿ?"

"ಹೋಗ್ಲಿ ಬಿಡೇ, ಅಂಗಡೀಲಿ ಬಟ್ಟೇಗೇನು ಬರವೇ? ನಾಳೆ ಒಂದಿಡೀ ತಾನು ಬಟ್ಟೇನೇ ತಂದ್ಕೊಡ್ತೀನಿ," ಎಂದರು ಶಂಭುಲಿಂಗಪ್ಪನವರು.

"ನಿಮ್ಮ ತಾನು ನೀವೇ ಹೊದ್ಕೊಳ್ಳಿ! ಅದು ನಮ್ಮತ್ತೆ ಕೈಯಾರೆ ಕೊಟ್ಟಿದ್ದು." ಗಿರಿಜಾಂಬಾ ಸೊಸೆಯ ಕಡೆ ತಿರುಗಿದರು. "ಯಾರ್ನ ಕೇಳಿ ತಗೊಂಡೆ? ಹೇಳು."

ಶಿವಕುಮಾರಿ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದಳು. ಮಹಾನಂದ ಒಂದು ಕ್ಷಣ ಅವಳ ಮುಖ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಏನೋ ಒಂದನ್ನು ಓದಿ ಅರ್ಥ ಮಾಡಿಕೊಂಡ ಹಾಗಿತ್ತು.

"ಯಾರನ್ನೂ ಕೇಳ್ಲಿಲ್ರಿ ಅತ್ತೇರ. ನಾನ ತಗೊಂಡೆ. ತಪ್ಪಾತು."

ಆಮೇಲೆ ಹಲವು ದಿನ ಗಿರಿಜಾಂಬಾ ಸೊಸೆಯೊಡನೆ ನೇರ ಮಾತಾಡಲಿಲ್ಲ. "ಆಕೆಗೆ ಹೇಳೇ ಕುಮಾರಿ, ಹಾಲು ಕಾಯಿಸಲಿ," ಎನ್ನುವರು. ಅಂಬುಜಮ್ಮ ಬೇಕೆಂದೇ ಬಂದು ವಿಷಯ ಕೆದಕಿ ಹೋಗುವರು. ಮಹಾನಂದ ಹೇಳಿದ್ದನ್ನು ಮಾಡಿಕೊಂಡು ಓಡಾಡಿದಳು, ಒಂದು ದಿನವೂ ನಾದಿನಿಯ ಹತ್ತಿರ ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ಶಿವಕುಮಾರಿ ಜಗಳವಾಡಬಹುದಿತ್ತು, ಅಳಬಹುದಿತ್ತು. ಈಗ ಅದೂ ಇಲ್ಲ. ರಾತ್ರಿ ಊಟಕ್ಕೆ ಅತ್ತಿಗೆ ತುಪ್ಪ ಬಡಿಸುವಾಗ ಶಿವಕುಮಾರಿಗೆ ಮೈಯೆಲ್ಲ ಉರಿಯುತ್ತಿತ್ತು. ಒಳ್ಳೆಯತನದಲ್ಲೂ ಇವಳೇ ಮುಂದೆ.

ಮತ್ತೆ ಎಣ್ಣೆ ಬದಲಾಯಿಸುವ ಭಾನುವಾರ ಬಂತು. ಮೋಟಾರು ಕೋಟೆಯ ಸುತ್ತು ಮುಗಿಸಿ ಬಂದು ನಿಂತ ಸದ್ದಾಯಿತು. "ಬನ್ರಮ್ಮಾ ಯಾರಾದ್ರೂ!" ಎಂದು ಶಂಭುಲಿಂಗಪ್ಪನವರು ಕೂಗಿದರು. ಮೊದಲಾದರೆ ಹೆಸರು ಹಿಡಿದು ಕೂಗುತ್ತಿದ್ದರು.

ಮಹಾನಂದ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು, "ಈ ಸಲ ನೀವ ಹೋಗ್ರಿ ಕುಮಾರಿ. ನನಗ ರುಬ್ಬೋದೈತಿ," ಎಂದಳು.

ಆ ದಿನ ಮನೆಯಲ್ಲಿ ರುಬ್ಬುವಂಥದ್ದೇನೂ ಇರಲಿಲ್ಲ.

ಶಿವಕುಮಾರಿ ಬೋಗುಣಿ ತೆಗೆದುಕೊಂಡು ಹೊರಗೆ ಬಂದಳು. ಅಪ್ಪ ಆಗಲೇ ಕೆಳಗೆ ಸರಿದಿದ್ದರು. ಗೋಣಿತಟ್ಟಿನ ಆಚೆಗೆ ಬರಿಯ ಪಾದಗಳೆರಡು ಕಾಣುತ್ತಿದ್ದವು. ಅವಳು ಬೋಗುಣಿಯನ್ನು ತಳ್ಳಿ ಕುಳಿತಳು. ಜಾಗ ಅವಳದೇ, ಹೊತ್ತೂ ಅದೇ.

"ಬಂದ್ಯಾ ಮಹಾನಂದ? ದೊಡ್ಡ ಸ್ಪ್ಯಾನರ್ ಕೊಡಮ್ಮ," ಎಂದು ಕೆಳಗಿನಿಂದ ಅಂಗೈಯೊಂದು ಹೊರಬಂತು.

ಅವಳು ಬಾಯಿ ತೆರೆದಳು. ಬಾಗಿಲ ಕಡೆ ನೋಡಿದಳು, ಯಾರೂ ಇರಲಿಲ್ಲ. ಸ್ಪ್ಯಾನರನ್ನು ಅಂಗೈಯಲ್ಲಿಟ್ಟಳು.

ತಿರುಪು ಸಡಿಲವಾಗಿ ಎಣ್ಣೆ ಇಳಿಯತೊಡಗಿತು. ಶಂಭುಲಿಂಗಪ್ಪನವರು ಮಾತಾಡಿದರು. ಮೊದಲೆಲ್ಲ ಅವಳೊಡನೆ ಆಡುತ್ತಿದ್ದ ಅದೇ ಮೆಲುದನಿ. "ನಿಮ್ಮತ್ತೆ ಮಾತು ಮನಸ್ಸಿಗೆ ಹಚ್ಕೋಬೇಡಮ್ಮಾ. ಬಾಯಿ ಜೋರು ಅಷ್ಟೆ, ಒಳಗೇನಿಲ್ಲ."

"ಹೂಂ," ಎಂದಳು ಶಿವಕುಮಾರಿ, ದನಿ ಗುರುತು ಸಿಗದ ಹಾಗೆ.

"ನಂಗೊಂದು ಅರ್ಥವಾಗ್ಲಿಲ್ಲ ನೋಡು." ಸ್ಪ್ಯಾನರನ್ನು ಪಕ್ಕಕ್ಕಿಟ್ಟ ಸದ್ದಾಯಿತು. "ಅವತ್ತು ನೀನು ಸೋಸುವಾಗ ಹಿತ್ತಲಲ್ಲಿ ಕುಮಾರೀನೂ ಇದ್ದದ್ದು ನೋಡಿದ್ದೆ. ಅವಳು ನಿಂಗೆ ಹೇಳ್ಲಿಲ್ವೇನಮ್ಮಾ, ಅದು ಪೂಜೆ ಬಟ್ಟೆ ಅಂತ?"

ರಸ್ತೆಯಲ್ಲಿ ಜಟಕಾ ಒಂದು ಹೋಯಿತು. ಎಣ್ಣೆಯ ಧಾರೆ ತೆಳ್ಳಗಾಗಿ, ದಾರದಷ್ಟಾಗಿ, ಕಡಿದು, ತೊಟ್ಟು ತೊಟ್ಟಾಗಿ ಬೀಳತೊಡಗಿತು. ಮೋಟಾರಿನ ಕೆಳಗಿನ ಪಾದಗಳು ಅಲ್ಲಾಡದೆ ಕಾಯುತ್ತಿದ್ದವು.