ತಟ್ಟೆಯಂಚಿನ ರಾಜ

ಯುರೋಪಿನಲ್ಲಿ ಎಲ್ಲಿ ಯಾವ ರಾಜ ಸತ್ತರೂ ನನ್ನ ಅಂಗಡಿಗೆ ವ್ಯಾಪಾರ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಮ್ಮ ಸಣ್ಣ ಸೀಮೆಯನ್ನಾಳುವ ಗ್ರೌಫೆಲ್ಸ್ ಡ್ಯೂಕರ ಅರಮನೆಯ ಎದುರಿಗೇ ನನ್ನ ಟೋಪಿ ಅಂಗಡಿ. ಗಂಡ ತೀರಿಕೊಂಡ ಮೇಲೆ ನಾನೇ ನಡೆಸುತ್ತಿದ್ದೇನೆ. ಮದುವೆಯ ಟೋಪಿಗಳಿಗಿಂತ ಸೂತಕದ ಕಪ್ಪು ಬಟ್ಟೆಯೇ ನನ್ನ ಹೊಟ್ಟೆ ಹೊರೆದದ್ದು. ಏಕೆಂದರೆ ಈ ರಾಜಮನೆತನಗಳೆಲ್ಲ ಒಂದಕ್ಕೊಂದು ನೆಂಟರು. ಡೆನ್ಮಾರ್ಕಿನ ರಾಜರು ಒಬ್ಬ ಮಗಳನ್ನು ಇಂಗ್ಲೆಂಡಿಗೆ ಕೊಟ್ಟರು, ಇನ್ನೊಬ್ಬಳನ್ನು ರಷ್ಯಾಕ್ಕೆ ಕೊಟ್ಟರು, ಒಬ್ಬ ಮಗನನ್ನು ಗ್ರೀಸಿಗೆ ರಾಜನಾಗಿ ಕಳಿಸಿದರು. ಇಂಗ್ಲೆಂಡಿನ ರಾಣಿಯ ಮಕ್ಕಳು ಮೊಮ್ಮಕ್ಕಳು ನಮ್ಮ ಜರ್ಮನಿಯ ಎಷ್ಟೋ ಅರಮನೆಗಳಲ್ಲಿ ಸೊಸೆಯಂದಿರು, ಅಳಿಯಂದಿರು. ಹಾಗಾಗಿ ಎಲ್ಲೋ ಒಬ್ಬ ಮುದುಕ ಕಣ್ಣು ಮುಚ್ಚಿದರೆ ಇಲ್ಲಿ ನಮ್ಮ ಅರಮನೆಯವರೆಲ್ಲ ಕಪ್ಪು ತೊಡಬೇಕು.

ಎಷ್ಟು ದಿನ ತೊಡಬೇಕು ಎಂದು ಹೇಳುವವರು ಟ್ರೌಗೋಟ್ ಲಿಂಕೆ. ಅರಮನೆಯಲ್ಲಿ ಅವರ ಉದ್ಯೋಗವೇ ಅದು. ಸತ್ತವರು ನಮ್ಮ ಡ್ಯೂಕರಿಗೆ ಏನಾಗಬೇಕು, ಸೋದರತ್ತೆಯ ಮಗನೋ, ದೊಡ್ಡಪ್ಪನ ಮೊಮ್ಮಗನೋ, ಬೀಗರ ಕಡೆಯವರೋ. ಆಳಿದವರೋ, ಆಳದೆ ಉಳಿದವರೋ. ಇದನ್ನೆಲ್ಲ ತೂಗಿ ನೋಡಿ ಸೂತಕ ಗೊತ್ತುಮಾಡುತ್ತಿದ್ದರು. ಆ ದಿನಗಳಲ್ಲಿ ಅರಮನೆಯಲ್ಲಿ ಸಂಗೀತವಿಲ್ಲ, ಕುಣಿತವಿಲ್ಲ. ಅರಮನೆಯ ಸಂಬಳ ತಿನ್ನುವವರ ಮನೆಯಲ್ಲಿ ಮದುವೆಯೂ ಇಲ್ಲ. ಒಮ್ಮೆ ಡ್ಯೂಕರು ಬೇಟೆಗೆಂದು ಕುದುರೆ ಏರಿ ಕೂತಿದ್ದಾಗ ಅಡ್ಡ ನಿಂತು, ಸೂತಕ ಸಂಜೆಯವರೆಗೂ ಇದೆ ಎಂದು ಕೆಳಗಿಳಿಸಿದ ಮನುಷ್ಯ ಈ ಲಿಂಕೆ. ಊರಿನವರು ಬೆನ್ನ ಹಿಂದೆ ಅವರನ್ನು ಕಪ್ಪುಪಟ್ಟಿ ಎನ್ನುತ್ತಿದ್ದರು. ಆದರೆ ಮುಖ ನೋಡಿ ಮಣೆ ಹಾಕಿದರು ಎಂದು ಯಾರೂ ಅಂದಿರಲಿಲ್ಲ. ಆ ಒಳ್ಳೆಯ ಹೆಸರಿನ ಮೇಲೆ ಅವರಿಗಿದ್ದ ಮೋಹ ಮಾತ್ರ ನನಗೆ ಮೊದಲಿನಿಂದಲೂ ಅಷ್ಟಾಗಿ ಹಿಡಿಸುತ್ತಿರಲಿಲ್ಲ.

ಅವರಿಗೆ ಒಬ್ಬಳೇ ಮಗಳು, ಓಟೀಲಿ. ತಾಯಿಯಿಲ್ಲದ ಆ ಮಗುವಿಗೆ ಅಪ್ಪ ಆಡಿಸುತ್ತಿದ್ದ ಆಟವೂ ರಾಜರದ್ದೇ. ಊಟವಾದ ಮೇಲೆ ಪ್ಲಮ್ ಹಣ್ಣಿನ ಬೀಜಗಳನ್ನು ಮೇಜಿನ ಮೇಲೆ ಸಾಲಾಗಿ ಇಡುವರು. ಇದು ಸ್ವೀಡನ್, ಇದು ಬೆಲ್ಜಿಯಂ, ಇವನು ಅವಳಿಗೆ ಏನಾಗಬೇಕು ಹೇಳು ಎನ್ನುವರು. ಒಂದು ಬೀಜವನ್ನು ಮಾತ್ರ ಯಾವಾಗಲೂ ತಟ್ಟೆಯ ಅಂಚಿನಲ್ಲೇ ಬಿಡುತ್ತಿದ್ದರು. ಅದು ಪ್ರಿನ್ಸ್ ಲೆಬೆರೆಕ್ಟ್, ಡ್ಯೂಕರ ತಾಯಿಯ ಸೋದರಮಾವನ ಮಗ. ಡ್ಯಾನ್ಯೂಬ್ ನದಿಯಾಚೆಯ ಒಂದು ಸಣ್ಣ ದೇಶದವರು ಹಿಂದೊಮ್ಮೆ ಅವನನ್ನು ರಾಜನಾಗು ಬಾ ಎಂದು ಕರೆಸಿಕೊಂಡಿದ್ದರು. ಅಕ್ಕಸಾಲಿಗನಿಗೆ ಕಿರೀಟಕ್ಕೆ ಹೇಳಿಯೂ ಆಗಿತ್ತು. ಅದು ಸಿದ್ಧವಾಗುವ ಮೊದಲೇ ಜನ ಮನಸ್ಸು ಬದಲಿಸಿ ಅವನನ್ನು ದೋಣಿ ಹತ್ತಿಸಿ ಕಳಿಸಿಬಿಟ್ಟರು. ಈ ಕಥೆಗೆ ಓಟೀಲಿ ಪ್ರತಿಸಲವೂ ನಗುವಳು. ಕಿರೀಟ ತಲೆಗೆ ಬರದವನು ರಾಜರ ಸಾಲಿಗೆ ಬರುವುದಿಲ್ಲ ಎಂದು ಲಿಂಕೆ ಪ್ರತಿಸಲವೂ ಹೇಳುವರು. ಜಾಣೆ, ಎಲ್ಲವನ್ನೂ ನೆನಪಿಟ್ಟುಕೊಂಡಳು.

ಆ ಓಟೀಲಿಗೆ ಸೇತುವೆ ಕಟ್ಟುವ ಕೊನ್ರಾಡನ ಜೊತೆ ಮದುವೆ ಗೊತ್ತಾಗಿತ್ತು. ಅವನಿಗೆ ದೂರದ ಚಿಲಿಯಲ್ಲಿ ಕೆಲಸ. ಮದುವೆ ಶರತ್ಕಾಲಕ್ಕೆ ಅಂದುಕೊಂಡಾಗ ಡ್ಯೂಕರ ಸ್ಪೇನಿನ ಕಡೆಯ ಒಬ್ಬ ಅತ್ತೆ ಸತ್ತರು. ಚಳಿಗಾಲಕ್ಕೆ ಅಂದುಕೊಂಡಾಗ ರಷ್ಯಾದ ಕಡೆಯ ಒಬ್ಬ ಭಾವ ಸತ್ತರು. ಕೊನ್ರಾಡ್ ಎರಡು ಸಲ ಹಡಗು ಮುಂದೂಡಿದ. ಮೂರನೆಯ ಸಲ ಮುಂದೂಡಿದರೆ ಕೆಲಸವೇ ಇಲ್ಲ ಎಂದು ಅವನ ಮೇಲಿನವರು ಹೇಳಿಬಿಟ್ಟಿದ್ದರು. ಹಡಗಿಗೆ ಇನ್ನು ಮೂರು ವಾರ ಇದ್ದಾಗ ಓಟೀಲಿ ಪ್ರಯಾಣದ ಟೋಪಿ ಹಾಕಿ ನೋಡಲು ನನ್ನ ಅಂಗಡಿಗೆ ಬಂದಳು.

"ವಾಲ್ಬುರ್ಗತ್ತೆ, ಈ ರಿಬ್ಬನ್ ತೀರಾ ಹಳದಿ ಆಯ್ತೇನೋ. ಕೊನ್ರಾಡ್ ಆಡಿಕೋತಾರೆ."

"ಆಡಿಕೊಳ್ಳಲಿ ಬಿಡೇ. ಅಷ್ಟು ದಿನ ಹಡಗಲ್ಲಿ ಅವನಿಗೂ ಹೊತ್ತು ಹೋಗಬೇಕಲ್ಲ."

ಅಷ್ಟರಲ್ಲಿ ಲಿಂಕೆ ಒಳಗೆ ಬಂದರು. ಸಾವಿನ ಸುದ್ದಿ ಬಂದರೆ ಅವರು ಮೊದಲು ಬರುವುದು ನನ್ನ ಅಂಗಡಿಗೇ. ಕಪ್ಪು ಬಟ್ಟೆಯ ಸುರುಳಿಗಳನ್ನು ಇಳಿಸಿಡಲಿ ಎಂದು. ಅವರು ಟೋಪಿ ತೆಗೆದದ್ದು ಕಂಡು ಓಟೀಲಿ ತನ್ನ ಹೊಸ ಟೋಪಿಯನ್ನು ಕಳಚಿ ಕೈಯಲ್ಲಿ ಹಿಡಿದಳು.

"ಯಾರು?" ಎಂದೆ.

"ಪ್ರಿನ್ಸ್ ಲೆಬೆರೆಕ್ಟ್."

ಓಟೀಲಿ ಕುರ್ಚಿಯ ಮೇಲೆ ಕುಸಿದು ಕೂತು ನಕ್ಕಳು. "ದೇವರೇ, ಜೀವಾನೇ ಹೋಗಿತ್ತು. ಅವರಾದ್ರೆ ಹತ್ತು ದಿನ ಅಲ್ವಾ ಅಪ್ಪ? ಹನ್ನೊಂದನೇ ದಿನ ಮದುವೆ ಇಟ್ಕೊಂಡ್ರಾಯ್ತು."

ಲಿಂಕೆ ಹೌದೆಂದು ತಲೆಯಾಡಿಸಿದರು. ಅವರ ಮುಖವೂ ಸಡಿಲವಾಗಿತ್ತು. ಅದನ್ನು ನಾನು ಕಣ್ಣಾರೆ ನೋಡಿದೆ.

ಬಾಗಿಲಲ್ಲಿ ಡ್ಯೂಕರ ಖಾಸಾ ಅಧಿಕಾರಿ ಫೊನ್ ಟಾನೆಕ್ ಕಾಣಿಸಿಕೊಂಡರು. ಸದಾ ಮುಗುಳ್ನಗೆ ಮೆತ್ತಿಕೊಂಡೇ ಇರುವ ಆಸಾಮಿ.

"ಲಿಂಕೆಯವರೇ, ಇಲ್ಲೇ ಇದ್ದೀರಲ್ಲ. ಲೆಬೆರೆಕ್ಟ್ ರಾಜರೋ, ಬರೀ ರಾಜಕುಮಾರರೋ ಅಂತ ಡ್ಯೂಕರು ಕೇಳ್ತಿದ್ದಾರೆ. ರಾಜರಾದ್ರೆ ಆರು ವಾರ ತಾನೇ?"

"ಹೌದು."

"ಡ್ಯೂಕರ ಕಷ್ಟ ನಿಮಗೆ ಗೊತ್ತಿರೋದೇ. ಪಕ್ಕದ ಸೀಮೆಯ ಡ್ಯೂಕರು ಪಟ್ಟಕ್ಕೆ ಬಂದು ಇನ್ನೂ ಒಂಬತ್ತು ವರ್ಷ ಆಗಿಲ್ಲ. ಕೂತರೆ ನಿಂತರೆ ನನ್ನ ತಂಗಿ ರಾಣಿ, ನನ್ನ ಷಡ್ಡಕ ರಾಜ ಅಂತಾರೆ. ನಮ್ಮವರು ಮೂವತ್ತೆಂಟು ವರ್ಷ ಆಳಿದ್ರೂ ಹೇಳ್ಕೊಳ್ಳೋಕೆ ಹತ್ತಿರದ ನೆಂಟರಲ್ಲಿ ಒಬ್ಬ ರಾಜ ಇಲ್ಲ. ಈಗೊಬ್ಬ ಸಿಕ್ಕಿದ್ರೆ ಸಂತೋಷವೇ. ಆದ್ರೂ ಲಿಂಕೆ ಹೇಳಿದ್ದೇ ಕೊನೆ ಮಾತು ಅಂದಿದ್ದಾರೆ."

ಲಿಂಕೆ ಬಾಯಿ ತೆರೆದರು. ಅಷ್ಟರಲ್ಲಿ ಫೊನ್ ಟಾನೆಕ್ ಕಣ್ಣು ಓಟೀಲಿಯ ಮಡಿಲಲ್ಲಿದ್ದ ಹಳದಿ ರಿಬ್ಬನ್ ಮೇಲೆ ಬಿತ್ತು.

"ಓಹೋ, ಮರೆತೇಬಿಟ್ಟಿದ್ದೆ. ಮನೇಲಿ ಮದುವೆ ಇಟ್ಕೊಂಡಿದ್ದೀರಿ. ಹತ್ತು ದಿನ ಅಂದುಬಿಡಿ, ಯಾರೂ ಏನೂ ಅಂದ್ಕೊಳಲ್ಲ. ಹೆತ್ತ ಕರುಳು ಅನ್ನೋದು ನಮಗೂ ಅರ್ಥ ಆಗುತ್ತೆ."

ಲಿಂಕೆಯ ಕಿವಿಗಳು ಕೆಂಪಾದವು. ಬಾಯಿ ಮುಚ್ಚಿತು. ಮತ್ತೆ ತೆರೆದಾಗ ಅವರು ಹೇಳಿದ್ದು ಇಷ್ಟೇ: "ರಾಜರು. ಆರು ವಾರ."

ಫೊನ್ ಟಾನೆಕ್ ಬಗ್ಗಿ ವಂದಿಸಿ ಹೊರಟುಹೋದರು.

"ಅಪ್ಪ," ಎಂದಳು ಓಟೀಲಿ, "ಅದು ತಟ್ಟೆಯಂಚಿನ ಬೀಜ."

"ಗೊತ್ತು."

"ಮತ್ತೆ ಸುಳ್ಳು ಯಾಕೆ ಹೇಳಿದ್ರಿ?"

"ನಿಜ ಹೇಳಿದ್ರೆ ಮಗಳಿಗೋಸ್ಕರ ಸುಳ್ಳು ಹೇಳಿದ ಅಂತಿದ್ರು. ಆ ಫೊನ್ ಟಾನೆಕ್ ಆಗಲೇ ಹಾಗಂದ್ಕೊಂಡಿದ್ದ. ನಾಳೆ ಊರೆಲ್ಲ ಅದನ್ನೇ ಹೇಳ್ತಿತ್ತು."

"ಅದಕ್ಕೆ ನನ್ನ ಮದುವೆ ತಗೊಂಡು ಊರಿಗೆ ಕೊಟ್ರಾ?"

ನನಗೆ ತಡೆಯಲಾಗಲಿಲ್ಲ. "ಲಿಂಕೆಯವರೇ, ಆ ಮನುಷ್ಯ ಇನ್ನೂ ಚೌಕ ದಾಟಿಲ್ಲ. ನಡೆಯೋದೇ ಆಮೆ ಥರ. ಬಾಗಿಲಿಗೆ ಹೋಗಿ ಒಂದು ಸಲ ಕೂಗಿ," ಎಂದೆ.

ಅವರು ಬಾಗಿಲಿಗೆ ಹೋದದ್ದು ನಿಜ. ಹಿಡಿಯ ಮೇಲೆ ಕೈಯಿಟ್ಟು ನಿಂತರು. ಫೊನ್ ಟಾನೆಕ್ ಕಾರಂಜಿಯ ಹತ್ತಿರ ಯಾರೊಡನೆಯೋ ಮಾತಿಗೆ ನಿಂತರು, ಮೂಗು ಒರೆಸಿಕೊಂಡರು, ಅರಮನೆಯ ಮೆಟ್ಟಿಲು ಹತ್ತಿದರು. ಲಿಂಕೆ ಕೂಗಲಿಲ್ಲ. ಆ ಬೆನ್ನು ನೋಡುತ್ತಾ ನನಗೆ ಎಂಥ ಸಿಟ್ಟು ಬಂತೆಂದರೆ ಕೈಯಲ್ಲಿದ್ದ ಕತ್ತರಿಯನ್ನು ಡ್ರಾಯರಿನೊಳಗೆ ಹಾಕಿ ಮುಚ್ಚಿದೆ.

ಓಟೀಲಿ ಅತ್ತು ಕರೆದು ಮಾಡಲಿಲ್ಲ. ಕೊನ್ರಾಡನ ಚಿಕ್ಕಮ್ಮ ಹ್ಯಾಂಬುರ್ಗಿನಲ್ಲಿದ್ದರು, ಅಲ್ಲಿಗೆ ನಮ್ಮ ಡ್ಯೂಕರ ಸೂತಕ ಮುಟ್ಟುವುದಿಲ್ಲ. ಮದುವೆ ಅಲ್ಲೇ, ಅವರ ಮನೆಯಲ್ಲೇ ಎಂದು ತೀರ್ಮಾನವಾಯಿತು. ಸೂತಕದಲ್ಲಿರುವ ಅಪ್ಪ ಅಲ್ಲಿಗೆ ಬರುವ ಹಾಗಿರಲಿಲ್ಲ. ಆ ಸೂತಕ ಅವರೇ ಗೊತ್ತುಮಾಡಿದ್ದು.

ಅವಳು ಹೊರಟ ದಿನ ಸ್ಟೇಷನ್ನಿಗೆ ಬಂದಿದ್ದ ಅರಮನೆಯವರೆಲ್ಲ ಕಪ್ಪಿನಲ್ಲಿದ್ದರು. ಓಟೀಲಿಯ ತಲೆಯ ಮೇಲೆ ಮಾತ್ರ ಆ ಹಳದಿ ರಿಬ್ಬನ್. ಕರೆದೊಯ್ಯಲು ಹ್ಯಾಂಬುರ್ಗಿನಿಂದ ಬಂದಿದ್ದ ಚಿಕ್ಕಮ್ಮ ಒಳಗೆ ಸೀಟು ಹಿಡಿದು ಕೂತಿದ್ದರು, ಕೊನ್ರಾಡ್ ಪೆಟ್ಟಿಗೆಗಳನ್ನು ಏರಿಸುತ್ತಿದ್ದ. ಲಿಂಕೆ ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಂಡು ಬಂದರು. ಮಗಳ ಹತ್ತಿರ ನಿಂತು ಮೆಲ್ಲಗೆ ಅಂದರು.

"ನಮ್ಮ ಗಡಿ ದಾಟೋವರೆಗೂ ಆ ರಿಬ್ಬನ್ ತೆಗೆದಿಡಮ್ಮ. ಎಲ್ಲರೂ ನೋಡ್ತಿದ್ದಾರೆ."

"ತೆಗೀತೀನಿ. ಆ ಮನುಷ್ಯ ರಾಜ ಅಂತ ನನ್ನ ಮುಖ ನೋಡಿ ಹೇಳಿ, ಈಗಲೇ ತೆಗೀತೀನಿ."

ಲಿಂಕೆ ಸುತ್ತ ನೋಡಿದರು. ಆಮೇಲೆ ಮಗಳನ್ನು ನೋಡಿದರು. "ಅಲ್ಲ," ಎಂದರು. ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸದಷ್ಟು ಸಣ್ಣ ದನಿ.

ಓಟೀಲಿ ಬಗ್ಗಿ ಅಪ್ಪನ ಕೈಗೆ ಮುತ್ತಿಟ್ಟು ರೈಲು ಹತ್ತಿದಳು. ರಿಬ್ಬನ್ ತೆಗೆಯಲಿಲ್ಲ. ಅವಳು ಮತ್ತೆ ಈ ಊರಿಗೆ ಬಂದಿಲ್ಲ.

ಆರು ವಾರ ನನಗೆ ಭರ್ಜರಿ ವ್ಯಾಪಾರವಾಯಿತು. ತಮ್ಮ ಹತ್ತಿರದ ನೆಂಟನೊಬ್ಬನೂ ರಾಜನಾಗಿದ್ದ ಎಂದು ಡ್ಯೂಕರು ಹಿಗ್ಗಿನಲ್ಲಿದ್ದರು. ಆದರೆ ಊರಿನವರ ಬಾಯಿ ಕಟ್ಟಿದವರು ಯಾರು? ಡ್ಯೂಕರನ್ನು ಮೆಚ್ಚಿಸಲು ಲಿಂಕೆ ಮಗಳನ್ನೇ ಬಲಿ ಕೊಟ್ಟ ಎಂದು ಬೇಕರಿಯಲ್ಲೂ ಚರ್ಚಿನ ಮುಂದೆಯೂ ಆಡಿಕೊಂಡರು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಹೋಗಲಿಲ್ಲ.

ಶರತ್ಕಾಲದಲ್ಲಿ ಪೋರ್ಚುಗಲ್ ಕಡೆಯ ಯಾವುದೋ ಮುದಿ ರಾಜಕುಮಾರಿ ಸತ್ತ ಸುದ್ದಿ ಬಂತು. ಲಿಂಕೆ ನನ್ನ ಅಂಗಡಿಗೆ ಬಂದರು, ಹಿಂದೆಯೇ ಫೊನ್ ಟಾನೆಕ್ ಬಂದರು. ಯಾವ ಕಡೆಯಿಂದ ಏನಾಗಬೇಕು ಎಂದು ಲಿಂಕೆ ಬೆರಳು ಮಡಿಸುತ್ತಾರೆಂದು ನಾನು ಕಾದಿದ್ದೆ. ಅವರು ನನ್ನ ಮೇಜಿನ ಮೇಲಿನ ಅಳತೆ ಪಟ್ಟಿಯನ್ನೇ ನೋಡುತ್ತಾ ನಿಂತಿದ್ದರು.

"ಎಷ್ಟು ದಿನ ಅಂತ ಡ್ಯೂಕರಿಗೆ ಹೇಳಲಿ, ಲಿಂಕೆಯವರೇ?"

"ನಿಮಗೆ ಎಷ್ಟು ಬೇಕು?"

ರಿಬ್ಬನ್ ಕೊಳ್ಳಲು ಬಂದವರನ್ನು ನಾನು ದಿನವೂ ಕೇಳುವ ಮಾತು ಅದು. ಫೊನ್ ಟಾನೆಕ್ ತಮಾಷೆಯೆಂದುಕೊಂಡು ನಕ್ಕರು. ಲಿಂಕೆ ನಗಲಿಲ್ಲ. ಉತ್ತರಕ್ಕಾಗಿ ತಾಳ್ಮೆಯಿಂದ ಕಾಯುತ್ತಿದ್ದರು.

"ಒಂದು ವಾರ ಸಾಕಲ್ವಾ?" ಎಂದರು ಫೊನ್ ಟಾನೆಕ್, ಸ್ವಲ್ಪ ಮುಜುಗರದಿಂದ.

"ಒಂದು ವಾರ," ಎಂದರು ಲಿಂಕೆ.

ನಾನು ಕಪ್ಪು ಬಟ್ಟೆಯ ಎರಡು ಸುರುಳಿ ಇಳಿಸಿದ್ದೆ. ಒಂದನ್ನು ಮತ್ತೆ ಕಪಾಟಿನ ಮೇಲಿಟ್ಟೆ.