ಚಿಕ್ಕಿ ಓದಿದ ಆ ಒಂದು ಕಂತು

"ಕೈ ಎಡು ತಂಬಿ. ಡೀಸೆಲ್ ಕೈಲೆ ಪುಸ್ತಕ ಮುಟ್ಟಬ್ಯಾಡ. ಕನ್ನಡ ಓದಾಕ ಬರ್ತದೇನು ನಿನಗ, ಬರೇ ಚಿತ್ರಾ ನೋಡ್ತೀಯೋ?"

ತ್ರಿಪ್ಲಿಕೇನಿನ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಕೆದಕುತ್ತಿದ್ದವರೆಲ್ಲ ತಿರುಗಿ ನೋಡಿದರು. ನನಗೆ ಹಾಗೆ ಹೇಳಿದವರ ಹೆಸರು ಶಿವರಾಜ್. ಅಂಗಡಿಯವನು ತಮಿಳಿನಲ್ಲಿ 'ವಾಂಗ ಶಿವರಾಜ್ ಸಾರ್' ಎಂದು ಕರೆದು ಸ್ಟೂಲು ಕೊಟ್ಟಿದ್ದನ್ನು ಆಗಲೇ ಕೇಳಿದ್ದೆ. ಇಸ್ತ್ರಿ ಶರಟು, ಹಣೆಯಲ್ಲಿ ವಿಭೂತಿ. ಕನ್ನಡದ್ದು ಏನು ಬಂದರೂ ಮೊದಲು ಅವರಿಗೇ ಎತ್ತಿಡುವುದಂತೆ.

ಒಂದು ಬಾರಿಸಬೇಕೆನಿಸಿತು. ಆದರೆ ಬಾರಿಸಬೇಕಾದರೆ ಕೈಯಲ್ಲಿದ್ದ ಪುಸ್ತಕ ಕೆಳಗಿಡಬೇಕು, ಇಟ್ಟರೆ ಅದು ಅವರ ಪಾಲು. ಗಿರಾಕಿಯ ಕೈಯಲ್ಲಿರುವ ತನಕ ಇನ್ನೊಬ್ಬರಿಗೆ ಕೊಡುವಂತಿಲ್ಲ, ಅದು ಫುಟ್‌ಪಾತಿನ ಕಾನೂನು.

ಪುಸ್ತಕ ಅಂದರೆ ಅಚ್ಚಾಗಿ ಬಂದದ್ದಲ್ಲ. ಯಾರೋ ವಾರಪತ್ರಿಕೆಯ ಧಾರಾವಾಹಿಯನ್ನು ಕತ್ತರಿಸಿ, ದಬ್ಬಳದಲ್ಲಿ ಹೊಲಿದು, ಕ್ಯಾಲೆಂಡರಿನ ರಟ್ಟು ಹಾಕಿದ್ದು. ಮಂಗಳ ಗ್ರಹದ ಕಥೆ. ಕುಂದಾಪುರದ ನಮ್ಮ ಮನೆಯಲ್ಲೂ ಇದೇ ಧಾರಾವಾಹಿಯ ಕಟ್ಟಿತ್ತು, ನನ್ನ ಚಿಕ್ಕಮ್ಮ ಸುಗುಣ ಚಿಕ್ಕಿ ಹೊಲಿದದ್ದು. ನಾನು ಮೇಷ್ಟರ ಜೊತೆ ಜಗಳವಾಡಿ ಏಳನೇ ಕ್ಲಾಸಿಗೇ ಶಾಲೆ ಬಿಟ್ಟಾಗ ಮನೆಯಲ್ಲಿ ಎಲ್ಲರೂ ಉಗಿದರು. ಚಿಕ್ಕಿ ಮಾತ್ರ, "ಶಾಲಿಗ್ ಹೋಗ್ದಿದ್ರ್ ಅಡ್ಡಿಲ್ಲ ಮಾಣಿ, ಕಥಿ ಕೇಂಬುಕ್ ಬಾ" ಅಂದಳು.

ಕಥೆಯಲ್ಲಿ ಜೊತೆಯ ಗಂಡಸರು ಇಳಾ ಎಂಬುವಳನ್ನು ಮಂಗಳದಲ್ಲೇ ಬಿಟ್ಟು ಹಾರಿಬಿಡುತ್ತಾರೆ. ಮುಂದಿನ ಕಂತನ್ನು ಚಿಕ್ಕಿ ಓದಿದ್ದು ಇನ್ನೂ ಕಿವಿಯಲ್ಲಿದೆ. ಇಳಾ ಹುರುಳಿಯನ್ನು ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ ತಿನ್ನುತ್ತಾಳೆ. ರೇಡಿಯೋ ಹಿಡಿದು, "ಒಬ್ಳನ್ನೇ ಬಿಟ್ಟ್ ಓಡ್ದ್ರಿಯಲ್ದಾ, ನಿಮ್ ಮುಸುಡಿಗ್ ಬೆಂಕಿ ಹಾಕ" ಎಂದು ಬಿಡದೆ ಬೈಯುತ್ತಾಳೆ. ಕೇಳಿ ಕೇಳಿ ನಾಚಿಕೆಯಾಗಿ ಅವರು ನೌಕೆ ತಿರುಗಿಸುತ್ತಾರೆ. ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ, ಮತ್ತೆ ಮತ್ತೆ ಅದನ್ನೇ ಓದಿಸುತ್ತಿದ್ದೆ.

ಚಿಕ್ಕಿ ತೀರಿಹೋದ ಮೇಲೆ ಕಟ್ಟು ಬಿಚ್ಚಿ ನೋಡಿದರೆ ಆ ಕಂತೇ ಇಲ್ಲ. ಕಳಚಿ ಬಿದ್ದಿರಬೇಕು ಅಂದುಕೊಂಡೆ. ಅವಳ ದನಿ ಆ ಹಾಳೆಗಳಲ್ಲೇ ಸಿಕ್ಕಿಕೊಂಡಿದೆ ಎಂಬ ಹಾಗೆ, ನಾನು ಓಡಿಸುವ ಟ್ಯಾಂಕರ್ ನಿಂತ ಊರಲ್ಲೆಲ್ಲ ಹುಡುಕಿದೆ. ಹಾಸನ, ಹೊಸೂರು, ವೇಲೂರು, ಯಾವ ರದ್ದಿ ಅಂಗಡಿಯನ್ನೂ ಬಿಡಲಿಲ್ಲ. ಇವತ್ತು ಮಣಲಿಯ ರಿಫೈನರಿಯಲ್ಲಿ ಲೋಡಿಗೆ ಉದ್ದ ಸಾಲಿತ್ತು. ಕ್ಲೀನರನನ್ನು ಗಾಡಿಯಲ್ಲಿ ಕೂರಿಸಿ ಇಲ್ಲಿಗೆ ಬಸ್ಸು ಹತ್ತಿದ್ದೆ.

ಶಿವರಾಜ್ ಎದುರಿಗೇ ನಿಂತು ಆ ಕಂತು ತೆಗೆದೆ.

ಹುರುಳಿ ಇರಲಿಲ್ಲ. ಬೈಗುಳ ಇರಲಿಲ್ಲ. ಇಳಾ ಮೊದಲ ಸಾಲಿಗೇ ಪ್ರಜ್ಞೆ ತಪ್ಪಿ ಬಿದ್ದಿದ್ದಳು. ನೌಕೆಯ ನಾಯಕ ಇಂಧನ ಸಾಲುತ್ತದೆಂದು ತಿಳಿದು ವಾಪಸು ಬಂದು ಅವಳನ್ನು ಎತ್ತಿಕೊಂಡು ಹೋಗಿದ್ದ. ಇನ್ನೊಮ್ಮೆ ಓದಿದೆ. ಅಷ್ಟೇ.

ಅಂದರೆ ಆ ವಾರ ನಮ್ಮ ಮನೆಗೆ ಪತ್ರಿಕೆ ಬಂದೇ ಇರಲಿಲ್ಲ. ಬೇರೆ ಕಂತಿನ ಹಾಳೆ ಎದುರಿಗೆ ಹಿಡಿದುಕೊಂಡು ಚಿಕ್ಕಿ ಬಾಯಿಂದಲೇ ಕಥೆ ಕಟ್ಟಿದ್ದಳು. ನಾನು ಕೇಳಿದಾಗಲೆಲ್ಲ ಹಾಗೇ ಹೇಳಿದ್ದಳು, ಒಂದು ಬೈಗುಳವೂ ಆಚೀಚೆ ಆಗದಂತೆ. ನಗು ಬಂತು.

ಪುಸ್ತಕವನ್ನು ಶಿವರಾಜ್ ಕೈಗಿಟ್ಟೆ. ಅವರು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಇಷ್ಟೊತ್ತು ಗಟ್ಟಿ ಹಿಡ್ಕೊಂಡು ನಿಂತಿದ್ದಿ. ಈಗ ಯಾಕ ಬಿಟ್ಟಿ? ಏನದ ಅದರಾಗ?"

ಹೇಳಿದರೆ ಚಿಕ್ಕಿಯ ಕಥೆಯನ್ನೂ ಇವರಿಗೆ ಕೊಟ್ಟಂತೆ. ಕೈ ಪ್ಯಾಂಟಿಗೆ ಒರೆಸಿಕೊಂಡು ಮಣಲಿ ಬಸ್ಸಿನ ಕಡೆ ನಡೆದೆ.